ಮೇಷ್ಟ್ರು ಬಿಡಿಸಿದ ಸೊಲ್ಲು

ಶಾಲೆಯ ವಾರ್ಷಿಕೋತ್ಸವದಲ್ಲಿ ಮೊಮ್ಮಗಳು ನನ್ನ ಹಾಡು ಹೇಳುತ್ತಾಳೆಂದು ಗೊತ್ತಾದದ್ದೇ ತಡ, ಮೆಣಸೆಯ ಮನೆಮನೆಗೂ ಹೋಗಿ ಸಾರಿ ಬಂದೆ. ಶಾಲೆಗೆ ಸರಿಯಾಗಿ ಹೋಗದವಳ ಹಾಡು ಮೈಕಿನಲ್ಲಿ! ಸಂತೋಷಕ್ಕೆ ಊಟ ಸೇರಲಿಲ್ಲ.

ಅದು ನಾಟಿ ಹಾಡು. ಒಬ್ಬಳು ಸೊಲ್ಲು ಎತ್ತಿದರೆ ಉಳಿದವರು ತಿರುಗಿ ಹೇಳಲೇಬೇಕು. ಸೊಲ್ಲು ಒಂಟಿಯಾಗಿ ಬಿದ್ದರೆ ಸಸಿ ಬೇರು ಹಿಡಿಯುವುದಿಲ್ಲ ಅನ್ನುತ್ತಿದ್ದರು. ಎತ್ತುವವಳು ನಾನು. ಎಪ್ಪತ್ತನೇ ಇಸವಿಯ ಆಚೀಚೆ, ಗದ್ದೆಗೆ ಸೊಪ್ಪು ತರುತ್ತಿದ್ದ ನಮ್ಮ ಗುಡ್ಡವನ್ನು ಒಬ್ಬ ಕಂಟ್ರಾಕ್ಟರ್ ಬೋಳಿಸಿದ. ಮರಗಳು ಲಾರಿ ಹತ್ತಿ ನರಸಿಂಹರಾಜಪುರದ ಕಡೆ ಹೋದವು. ಬೋಳು ಗುಡ್ಡಕ್ಕೆ ನೀಲಗಿರಿ ನೆಟ್ಟರು. ಊರು ಮುಂದೆ ಬರುತ್ತದೆ ಅಂದರು. ಕೆಲವೇ ವರ್ಷಕ್ಕೆ ಗುಡ್ಡದ ಬುಡದ ಒರತೆ ಬತ್ತಿತು. ಬೇಸಿಗೆಯಿಡೀ ಹೊಳೆಯಿಂದ ಕೊಡ ಹೊತ್ತು ಏರು ಹತ್ತಿದವರು ಯಾರು? ಮುಂದೆ ಬಂದವರಲ್ಲ, ನಾವು. ಆ ಸಿಟ್ಟಿಗೇ ಗದ್ದೆಯಲ್ಲಿ ಹಾಡು ಬಾಯಿಗೆ ಬಂತು:

ಬೆಟ್ಟದ ಸೊಪ್ಪೆಲ್ಲ ಲಾರಿ ಹತ್ಯಾವೆ ತಂಗಿ
ನೆಟ್ಟ ನೀಲಗಿರಿ ನೀರ ಕುಡಿದಾವೆ ತಂಗಿ
ಕಡಿಸಿದವನ ಮನೆಗೆ ಕರೆಂಟು ಬಂತೇ ತಂಗಿ
ಕೊಡ ಹೊತ್ತ ನಮ್ಮ ಸೊಂಟ ಹೋಯ್ತೇ ತಂಗಿ

ನಾಟಿಗೆ ಹೋದ ಹೆಂಗಸರ ಬಾಯಲ್ಲಿ ಅದು ಬೇಗಾರು, ಹರಿಹರಪುರವನ್ನೂ ಮುಟ್ಟಿತು.

ವಾರ್ಷಿಕೋತ್ಸವದ ಮಧ್ಯಾಹ್ನ ನೋಡಿದರೆ ವೇದಿಕೆಯ ನಡುವಿನ ಕುರ್ಚಿಯಲ್ಲಿ ಅದೇ ಕಂಟ್ರಾಕ್ಟರ್, ಕೊರಳಲ್ಲಿ ಹಾರ. ಶಾಲೆಗೆ ಮೈಕು ಕೊಡಿಸಿದವನೂ ಅವನೇ. ಮೊಮ್ಮಗಳು ಸೊಪ್ಪಿನ ಸೊಲ್ಲು ಹೇಳಿದಳು, ನೀರಿನ ಸೊಲ್ಲು ಹೇಳಿದಳು, ಕೈಮುಗಿದು ಇಳಿದು ಬಂದಳು. ಅವನು ತಲೆದೂಗಿ ಚಪ್ಪಾಳೆ ತಟ್ಟಿದ.

"ಕರೆಂಟಿಂದು ಎಂತಕ್ಕೆ ಬಿಟ್ಯೇ ಕೂಸೇ?"

"ಮೇಷ್ಟ್ರು ಬ್ಯಾಡ ಅಂದ್ರು ಅಜ್ಜಿ. ಅವ್ರಿಗೆ ಬೇಜಾರಾಗ್ತದಂತೆ."

ಬೇಜಾರಂತೆ! ಗುಡ್ಡ ತಿಂದವನಿಗೆ ಬೇಜಾರು. ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತೆ. ಪಕ್ಕದ ಮನೆಯವಳು ಸೆರಗು ಜಗ್ಗಿದಳು.

"ಕೂತ್ಕೊಳ್ಳೇ ಮಾರಾಯ್ತಿ! ನಾಳೆ ಅವನ ತೋಟಕ್ಕೇ ಕೆಲಸಕ್ಕೆ ಹೋಗ್ಬೇಕು ನಾವು."

"ಹೋಗುವಾ. ಬಗ್ಗಕ್ಕೆ ಸೊಂಟ ಇದ್ರೆ ತಾನೆ?" ಅಂದವಳೇ ಗಂಟಲು ಬಿಚ್ಚಿ ಸೊಲ್ಲು ಎತ್ತಿದೆ: "ಕಡಿಸಿದವನ ಮನೆಗೆ ಕರೆಂಟು ಬಂತೇ ತಂಗಿ..."

ಸೊಲ್ಲು ಒಂಟಿಯಾಗಿ ಬಿತ್ತು ಅಂದುಕೊಂಡೆ. ಅಷ್ಟರಲ್ಲಿ ಸೆರಗು ಹಿಡಿದಿದ್ದವಳ ಬಾಯಿಂದಲೇ ಅದು ತಿರುಗಿ ಬಂತು. ಎಷ್ಟು ಮಳೆಗಾಲದ ಅಭ್ಯಾಸ, ತಡೆದರೆ ನಿಲ್ಲುತ್ತದೆಯೆ? ಹಿಂದಿನ ಸಾಲಿನ ಹೆಂಗಸರೂ ಎತ್ತಿಕೊಂಡರು. ಮೇಷ್ಟ್ರು ಸಾಕು ಸಾಕು ಎಂದು ಕೈಬೀಸುತ್ತಿದ್ದರು. ನನ್ನ ಕೂಸು ಅತ್ತ ನೋಡಲೇ ಇಲ್ಲ. ನನ್ನ ಪಕ್ಕ ನಿಂತು, ಮೈಕಿಲ್ಲದೆ, ಸೊಂಟದ ಸೊಲ್ಲನ್ನು ತಾನೇ ಎತ್ತಿದಳು.