ಆಯುಧಪೂಜೆಯ ನಂತರ ಕೆಟ್ಟ ಲ್ಯಾಪ್‌ಟಾಪ್

ಆಯುಧಪೂಜೆ ಕಳೆದ ಮೇಲೆ ನಮ್ಮ ಲ್ಯಾಪ್‌ಟಾಪ್ ಶುರುವಾಗುವಾಗಲೆಲ್ಲ ಡಿಸ್ಕ್ ಚೆಕ್ ಅಂತ ತೋರಿಸುತ್ತಿತ್ತು. ಅದು ಅರ್ಧಕ್ಕೆ ಬರುವಷ್ಟರಲ್ಲಿ ತಾನಾಗಿ ಆಫ್ ಆಗುತ್ತಿತ್ತು. ತೀರಿಹೋದ ಅಮ್ಮ ಹಾಡಿದ ಭಜನೆಗಳು ಇದ್ದದ್ದು ಅದೊಂದರಲ್ಲೇ. ದೇವರಿಗೆ ಕೈಮುಗಿದು ಬಲ್ಮಠದ ರಿಪೇರಿ ಅಂಗಡಿಗೆ ಒಯ್ದೆ.

ಅಂಗಡಿಯ ಹಮೀದರು ಅಡಿಯ ಮುಚ್ಚಳ ಬಿಚ್ಚಿದವರೇ ನನ್ನ ಮುಖ ನೋಡಿದರು. "ಎಂತ ಮಾರಾಯ್ರೆ, ಇದಕ್ಕೆ ಊಟ ಹಾಕಿದ್ದೀರಾ?"

ಬಗ್ಗಿ ನೋಡಿದೆ. ಫ್ಯಾನಿನ ಎಸಳುಗಳ ನಡುವೆ ಅರಿಶಿನದ ಅಕ್ಕಿಕಾಳು! ಹಬ್ಬದ ದಿನ ಲ್ಯಾಪ್‌ಟಾಪನ್ನು ದೇವರ ಮುಂದೆ ನೆಟ್ಟಗೆ ನಿಲ್ಲಿಸಿ ಅಕ್ಷತೆ ಹಾಕಿದ್ದು ನಾನೇ. ಗಾಳಿಕಿಂಡಿ ಮೇಲ್ಮುಖವಾಗಿತ್ತು.

"ಅಮ್ಮನ ಭಜನೆ ಉಳಿದೀತಾ?" ಕೇಳಿದೆ.

"ಡಿಸ್ಕ್ ಸರಿ ಉಂಟು. ಚೆಕ್ ಆಗುವಾಗ ಬಿಸಿಯಾಗ್ತದೆ, ಫ್ಯಾನ್ ತಿರುಗುವುದಿಲ್ಲ, ಅದಕ್ಕೇ ಆಫ್." ಅವರು ಕಾಳುಗಳನ್ನು ಚಿಮಟದಲ್ಲಿ ಹೆಕ್ಕಿ, ಕಾಗದದಲ್ಲಿ ಕಟ್ಟಿ ನನ್ನ ಕೈಗಿತ್ತರು. "ಪೂಜೆಯದ್ದಲ್ವಾ, ಕಸಕ್ಕೆ ಹಾಕ್ಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ."

ಈ ಸಲ ಚೆಕ್ ಕೊನೆ ಮುಟ್ಟಿತು. ಅಂಗಡಿಯಲ್ಲಿ ನಿಂತೇ ಅಮ್ಮನ ಸ್ವರ ಕೇಳಿದೆ.

ಇನ್ನು ಮುಂದೆ ಲ್ಯಾಪ್‌ಟಾಪಿಗೆ ದೂರದಿಂದಲೇ ಆರತಿ. ಅಕ್ಷತೆ ಏನಿದ್ದರೂ ಗ್ರೈಂಡರಿಗೆ. ಅದಕ್ಕಾದರೆ ಅಕ್ಕಿ ಅರಗುತ್ತದೆ.