ಬೀಗರಾಗಬೇಕಿದ್ದವರಿಗೆ ತೋರಿಸಿದ ಮ್ಯಾಕ್ರೊ

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮದುವೆ ಕಾರ್ಡು ಮಾಡಿಕೊಡುವ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಅಲ್ಲಿದ್ದದ್ದು ಒಂದು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಯಜಮಾನರು ಮತ್ತು ನಾನು. ಈ ಪೈಕಿ ಹೆಚ್ಚು ಬುದ್ಧಿ ಇರುವುದು ನನಗೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಪಕ್ಕದ ಮನೆಯ ಮಗ್ಗಗಳ ಸದ್ದಿನಲ್ಲಿ ಬೇರೆಯವರ ಅಭಿಪ್ರಾಯ ಕೇಳಿಸುತ್ತಲೂ ಇರಲಿಲ್ಲ.

ಆ ಬುದ್ಧಿಯ ಫಲವೇ ನನ್ನ ಮ್ಯಾಕ್ರೊ, ಅಂದರೆ ಕಂಪ್ಯೂಟರು ತಾನಾಗಿಯೇ ಕೆಲಸ ಮಾಡುವಂತೆ ಬರೆದಿಟ್ಟ ಆದೇಶಗಳ ಸರಣಿ. ಸ್ವಲ್ಪ ಸ್ಥಿತಿವಂತ ಗಿರಾಕಿಗಳು ಪ್ರತಿ ಕಾರ್ಡಿನ ಮೇಲೂ ಕರೆಯಬೇಕಾದವರ ಹೆಸರು ಅಚ್ಚಾಗಿಯೇ ಬರಲಿ ಎನ್ನುತ್ತಿದ್ದರು. ಹೆಸರುಗಳಿರುತ್ತಿದ್ದದ್ದು ಒಂದು ಪ್ರೋಗ್ರಾಂನಲ್ಲಿ, ಕಾರ್ಡು ಇರುತ್ತಿದ್ದದ್ದು ಕನ್ನಡ ಅಕ್ಷರ ಜೋಡಿಸುವ ಇನ್ನೊಂದರಲ್ಲಿ. ಒಂದೊಂದೇ ಹೆಸರನ್ನು ಅಲ್ಲಿಂದೆತ್ತಿ ಇಲ್ಲಿ ಅಂಟಿಸುವುದು ನನ್ನ ಪಾಡು. ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಹಳೇ ಪುಸ್ತಕವೊಂದರಲ್ಲಿ, ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಸಂದೇಶ ಕಳಿಸಿ ಕೆಲಸ ಮಾಡಿಸಬಹುದು ಎಂದು ಓದಿ ನನಗೆ ನಿದ್ದೆಯೇ ಹಾರಿಹೋಯಿತು. ಆದರೆ ನಮ್ಮ ಕಾರ್ಡಿನ ಪ್ರೋಗ್ರಾಂ ಮಹಾ ಕಿವುಡು. ಯಾವ ಸಂದೇಶಕ್ಕೂ ಓಗೊಡಲಿಲ್ಲ. ಆಗ ಅಡ್ಡದಾರಿ ಹಿಡಿದೆ. ಮನುಷ್ಯನೇ ಕೀಲಿ ಒತ್ತುತ್ತಿದ್ದಾನೆಂದು ಅದನ್ನು ನಂಬಿಸುವಂಥ ಆದೇಶಗಳನ್ನು ಬರೆದೆ: ಹೆಸರು ಎತ್ತಿಕೊ, ಕಾರ್ಡಿನ ಪ್ರೋಗ್ರಾಮನ್ನು ಮುಂದಕ್ಕೆ ತಾ, ಗುರುತು ಮಾಡಿದ ಜಾಗದಲ್ಲಿ ಅಂಟಿಸು, ಪ್ರಿಂಟ್ ಕೊಡು. ಈ ಮ್ಯಾಕ್ರೊಗೆ ಕೈ ಇತ್ತು, ಕಣ್ಣಿರಲಿಲ್ಲ. ತೆರೆಯ ಮೇಲೆ ಯಾವ ಕಾರ್ಡು ಮುಂದಿದೆಯೋ ಅದರಲ್ಲೇ ಅಂಟಿಸುತ್ತಿತ್ತು. ಇದೇನು ದೊಡ್ಡ ಕೊರತೆಯೆಂದು ನನಗೆ ಅನ್ನಿಸಲಿಲ್ಲ.

ಮೊದಲ ಸಲ ಅದು ಓಡಿದಾಗ ನಾನು ಕೈಕಟ್ಟಿ ಕೂತಿದ್ದೆ. ಕಾರ್ಡುಗಳು ತಾವಾಗಿಯೇ ಬೀಳುತ್ತಿದ್ದವು. ಯಜಮಾನರು ಹೌಹಾರಿ, "ಏನಯ್ಯಾ, ಇದಕ್ಕೆ ದೆವ್ವ ಗಿವ್ವ ಹೊಕ್ಕೈತಾ?" ಎಂದರು. ನಾನು ಹಲ್ಲು ಬಿಟ್ಟು, "ನಾನೇ ಹೊಕ್ಸಿರೋದು ಸಾರ್," ಎಂದೆ.

ಅದೇ ದಿನಗಳಲ್ಲಿ ನಂದಗುಡಿ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗ ಕೆಲಸ ಮಾಡುವ ಜಾಗ ನೋಡಬೇಕೆಂದು ಹುಡುಗಿಯ ತಂದೆ ಮತ್ತು ಸೋದರಮಾವ ದಾರಿಯಲ್ಲಿ ಸಿಗುವ ವಿಜಯಪುರದಲ್ಲಿ ಬಸ್ಸು ಬದಲಿಸಿ ಅಂಗಡಿಗೇ ಬಂದರು. ತಂದೆ ಮಿತಭಾಷಿ. ಸೋದರಮಾವನದು ತುಂಬು ಮೀಸೆ, ಅದಕ್ಕೂ ಮೀರಿದ ಕುತೂಹಲ.

ಕಾಫಿ ಕುಡಿಸಿ ಸುಮ್ಮನೆ ಕಳಿಸಿದ್ದರೆ ಚೆನ್ನಾಗಿತ್ತು. ನಾನು ಹೊಸ ಶರಟು ಹಾಕಿದ್ದೆ, ಆ ಶರಟು ನನ್ನನ್ನು ಸುಮ್ಮನಿರಗೊಡಲಿಲ್ಲ. "ನಾನು ಮುಟ್ಟೋದೇ ಇಲ್ಲ, ಎಲ್ಲಾ ಕೆಲ್ಸ ಇದೇ ಮಾಡುತ್ತೆ, ನೋಡಿ," ಎಂದು ಕಂಪ್ಯೂಟರಿನ ಮುಂದೆ ಇಬ್ಬರನ್ನೂ ಕೂರಿಸಿದೆ. ಮರ್ಯಾದೆಗೆಂದು ಕರೆಯುವವರ ಪಟ್ಟಿಯಲ್ಲಿ ಸೋದರಮಾವನ ಹೆಸರನ್ನೇ ಮೊದಲು ಹಾಕಿ, ಒಂದು ಮದುವೆ ಕಾರ್ಡನ್ನು ಮುಂದಿಟ್ಟು ಮ್ಯಾಕ್ರೊ ಶುರು ಮಾಡಿ ಎರಡೂ ಕೈ ಮೇಲೆತ್ತಿ ನಿಂತೆ.

"ಓಹೋ, ಇಲಿ ಅಂತಾರಲ್ಲ, ಇದೇನಾ?" ಎಂದು ಸೋದರಮಾವ ಮೌಸನ್ನು ಹಿಡಿದು ಪಟಕ್ಕನೆ ಒತ್ತಿದರು.

ಮದುವೆ ಕಾರ್ಡಿನ ಹಿಂದೆ ಇನ್ನೊಂದು ಕಾರ್ಡು ತೆರೆದಿತ್ತು. ಯಾರದೋ ತಿಥಿ ಕಾರ್ಡು. ತೀರಿಕೊಂಡವರ ಹೆಸರಿನಲ್ಲಿ ತಪ್ಪಿತ್ತೆಂದು ತಿದ್ದಲಿಕ್ಕೆ ಆ ಹೆಸರನ್ನು ಗುರುತು ಮಾಡಿ ಹಾಗೆಯೇ ಬಿಟ್ಟಿದ್ದೆ. ಅವರು ಒತ್ತಿದ ರಭಸಕ್ಕೆ ಅದು ಮುಂದೆ ಬಂತು. ನಾನು "ಅಯ್ಯೋ!" ಎನ್ನುವುದರೊಳಗೆ ಮ್ಯಾಕ್ರೊ ತನ್ನ ಧರ್ಮ ಪಾಲಿಸಿ, ಪ್ರಿಂಟ್ ಕೊಟ್ಟಾಗಿತ್ತು.

ಹಾಳೆ ಬಿಸಿಬಿಸಿಯಾಗಿ ಹೊರಬಂತು. ನಾನು ಕಸಿದುಕೊಳ್ಳಲು ಹೋದೆ. ಸೋದರಮಾವ ನನಗಿಂತ ಚುರುಕು. ಕನ್ನಡಕ ಏರಿಸಿ ಜೋರಾಗಿಯೇ ಓದಿದರು. ತಾವು ದೈವಾಧೀನರಾದ ಪ್ರಯುಕ್ತ ಹನ್ನೊಂದನೆಯ ದಿನ ಬಂಧುಮಿತ್ರರು ಆಗಮಿಸಿ ಆತ್ಮಕ್ಕೆ ಶಾಂತಿ ಕೋರಬೇಕೆಂದು ಅದರಲ್ಲಿತ್ತು.

ಹಾಳೆ ಕಸಿಯಲು ಚಾಚಿದ ನನ್ನ ಕೈ ಇನ್ನೂ ಹಾಗೆಯೇ ಇತ್ತು.

"ಲೇ ಭಾವ," ಎಂದರು ಸೋದರಮಾವ, "ನನ್ ತಿಥಿಗೆ ನನ್ನೇ ಕರ್ದವ್ನೆ ಕಣೋ ಈ ಹುಡ್ಗ!" ಎಂದವರೇ ಕೆಮ್ಮು ಬರುವವರೆಗೆ ನಕ್ಕರು. ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು, ಅವರ ಭುಜ ಮಾತ್ರ ಕುಣಿಯುತ್ತಿತ್ತು. ನನಗೂ ಜೀವ ಬಂದಂತಾಯಿತು. ಅಪಶಕುನವೆಂದು ಎದ್ದು ಹೋಗಲಿಲ್ಲವಲ್ಲ!

ಹುಡುಗಿಯ ತಂದೆ ಮಾತ್ರ ನಗಲಿಲ್ಲ. ಮೆತ್ತಗೆ ಕೇಳಿದರು: "ಅಲ್ಲಪ್ಪಾ, ಎಲ್ಲಾ ಕೆಲ್ಸ ಅದೇ ಮಾಡ್ತದೆ ಅಂದ್ಯಲ್ಲಾ. ಹಂಗಾರೆ ನಿನ್ಗೇನು ಕೆಲ್ಸ ಇಲ್ಲಿ?"

ಇದಕ್ಕೆ ಫುಟ್‌ಪಾತಿನ ಆ ಪುಸ್ತಕದಲ್ಲಿ ಉತ್ತರವಿರಲಿಲ್ಲ. "ಅದು... ಅದಕ್ಕೆ ಹೇಳಿಕೊಡೋದು ನಾನೇ," ಎಂದು ತೊದಲಿದೆ.

"ಹೇಳ್ಕೊಟ್ಟಾಯ್ತಲ್ಲಪ್ಪ?" ಎಂದರು ಅವರು. ಕುಹಕವೇನೂ ಇರಲಿಲ್ಲ ಆ ದನಿಯಲ್ಲಿ. ಮಗಳನ್ನು ಕೊಡುವವರಿಗೆ ಇರುವ ಕಾಳಜಿ ಅಷ್ಟೇ.

ವಾರದೊಳಗೆ ಸಂಬಂಧ ಬೇಡವೆಂದು ಹೇಳಿಕಳಿಸಿದರು. ತಿಥಿ ಕಾರ್ಡಿನ ಮಾತೇ ಇಲ್ಲ, "ಹುಡ್ಗಂಗೆ ಗಟ್ಟಿ ಕೆಲ್ಸ ಇಲ್ಲ" ಎಂಬ ಒಂದೇ ಕಾರಣ. ಹುಡುಗಿಯನ್ನು ನಾನು ನೋಡಿಯೂ ಇರಲಿಲ್ಲ, ಆದರೂ ಎರಡು ದಿನ ಊಟ ಸೇರಲಿಲ್ಲ. ನಮ್ಮಮ್ಮ, "ಸೆಗಣಿ ಎತ್ತೋ ಹುಡುಗ್ರಿಗೂ ಹೆಣ್ಣು ಸಿಗ್ತಾವೆ. ನಿನ್ಗೆ ಸುಮ್ನೆ ಟೈಪ್ ಮಾಡಕ್ಕೇನಾಗಿತ್ತೋ?" ಎಂದು ಬೈದಳು.

ತೊಂದರೆ ಅಲ್ಲಿಗೇ ಮುಗಿಯಲಿಲ್ಲ. ಆ ಹಿರಿಯರ ಪ್ರಶ್ನೆಯನ್ನು ನಮ್ಮ ಯಜಮಾನರೂ ಕೇಳಿಸಿಕೊಂಡಿದ್ದರಲ್ಲ! ಸೋಮವಾರ ಬೆಳಿಗ್ಗೆ ನನ್ನ ಕೈಗೆ ಸೈಕಲ್ ಬೀಗದ ಕೈ ಕೊಟ್ಟು, "ಅದು ಹೆಂಗೂ ತಾನೇ ಮಾಡ್ಕೊಳ್ತದಲ್ಲ, ನೀನು ಗಿರಾಕಿಗಳ ಮನೆಗೋಗಿ ಕಾರ್ಡಿನ ಪ್ರೂಫ್ ತೋರ್ಸಿ ಒಪ್ಗೆ ತಗೊಂಡ್ಬಾ," ಎಂದರು. ಬಿಸಿಲಿನಲ್ಲಿ ಊರೆಲ್ಲ ತುಳಿದು ವಾಪಸು ಬರುವಷ್ಟರಲ್ಲಿ ಫ್ಯಾನಿನ ಕೆಳಗೆ ಆರಾಮಾಗಿರುತ್ತಿದ್ದದ್ದು ಕಂಪ್ಯೂಟರು.

ಕೊನೆಗೆ ಮ್ಯಾಕ್ರೊವನ್ನು ತಿದ್ದಿದೆ. ಅಂಟಿಸುವ ಮುನ್ನ ಪ್ರತಿ ಸಲವೂ ಅದು ನಿಂತು, ಇದೇ ಕಾರ್ಡು ಹೌದೇ ಎಂದು ಕೇಳುವಂತೆ ಮಾಡಿದೆ. ಹೌದೆಂದು ಒತ್ತಲು ಪಕ್ಕದಲ್ಲೊಬ್ಬ ಮನುಷ್ಯ ಇರಲೇಬೇಕಾಯಿತು. ಯಜಮಾನರು ಗೊಣಗುತ್ತಲೇ ಸೈಕಲ್ ಕೀಲಿ ವಾಪಸು ತೆಗೆದುಕೊಂಡರು. ನಾನು ಫ್ಯಾನಿನ ಕೆಳಗೆ ಕೂತು, ಒಂದೊಂದೇ ಕಾರ್ಡಿಗೆ ಹೌದು, ಹೌದು ಎಂದು ಒತ್ತುತ್ತ, ಆ ವರ್ಷದ ಮಳೆಗಾಲವನ್ನು ಕಳೆದೆ.