ಹಿಮ್ಮಡಿಯ ಕಪ್ಪು ಗಂಟು

“ಕಾಲೇ ತೆಗೆದುಬಿಡಿ ಡಾಕ್ಟ್ರೇ, ಒಂಟಿ ಕಾಲಲ್ಲೇ ಹೇಗೋ ಬದುಕ್ಕೋತೀನಿ,” ಎಂದು ಅಕ್ಕ ಕೈಮುಗಿದಳು. ಜಯನಗರದ ಆಸ್ಪತ್ರೆಯಲ್ಲಿ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಹಿಮ್ಮಡಿಯ ಕಪ್ಪು ಗಂಟನ್ನು ಆಣಿ ಎಂದುಕೊಂಡು, ಪಟ್ಟಿ ಅಂಟಿಸಿಕೊಂಡೇ ಅವಳು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಅದು ಚರ್ಮದ ಕ್ಯಾನ್ಸರ್ ಆಗಿತ್ತು.

“ಶ್ವಾಸಕೋಶಕ್ಕೆ ಹರಡಿದೆ ಅಮ್ಮ, ಕಾಲು ತೆಗೆದರೂ ಉಪಯೋಗ ಇಲ್ಲ. ದೇಹವೇ ಕ್ಯಾನ್ಸರ್ ವಿರುದ್ಧ ಹೋರಾಡೋ ಹಾಗೆ ಮಾಡೋ ಔಷಧಿನ ಡ್ರಿಪ್‌ನಲ್ಲಿ ಕೊಡ್ತೀವಿ. ಕೆಲವರಿಗೆ ನಾಟುತ್ತೆ,” ಎಂದರು ಡಾಕ್ಟರು.

ಅಕ್ಕನಿಗೆ ನಾಟಲಿಲ್ಲ. ಕುತ್ತಿಗೆಯಲ್ಲೂ ಗಂಟುಗಳೆದ್ದ ಮೇಲೆ ಡ್ರಿಪ್ ನಿಲ್ಲಿಸಿದರು.

ಈಗ ಗಿರಿನಗರದ ನಮ್ಮ ಮನೆಯಲ್ಲಿ ಅವಳಿಗೆ ನೋವಿನ ಮಾತ್ರೆಯಷ್ಟೇ ಕೊಡುತ್ತಿದ್ದೇನೆ. ‘ವಾಸಿಯಾಗುತ್ತಾ?’ ಎಂದು ಕೇಳುವುದನ್ನು ಅವಳು ಬಿಟ್ಟುಬಿಟ್ಟಿದ್ದಾಳೆ. ಕೇಳಿದ್ದರೆ ಒಂದು ಸುಳ್ಳನ್ನಾದರೂ ಹೇಳುತ್ತಿದ್ದೆ.